ವಿಳಾಸ ಪುಸ್ತಕದ ಸ್ಥಳಾಂತರ: ಆವೃತ್ತಿಗಳ ನಡುವೆ ಉಳಿಯುವುದು, ಅಳಿಯುವುದು

ಇಮೇಲ್ ಬಳಸುವವರ ಕಂಪ್ಯೂಟರಿನಲ್ಲಿ ಪತ್ರಗಳಷ್ಟೇ ಬೆಲೆಯುಳ್ಳ ಇನ್ನೊಂದು ಸಂಗ್ರಹವಿರುತ್ತದೆ. ಪತ್ರ ಬರೆಯಬೇಕಾದವರ ಹೆಸರು, ಇಮೇಲ್ ವಿಳಾಸ, ದೂರವಾಣಿ ಸಂಖ್ಯೆ, ಊರು, ಹುಟ್ಟಿದ ದಿನ ಮುಂತಾದ ವಿವರಗಳನ್ನು ಒಂದೆಡೆ ಕಟ್ಟಿಡುವ ಈ ಸಂಗ್ರಹಕ್ಕೆ ವಿಳಾಸ ಪುಸ್ತಕ ಅಥವಾ ಸಂಪರ್ಕ ಪಟ್ಟಿ ಎಂಬ ಹೆಸರುಗಳು ಬಳಕೆಯಲ್ಲಿವೆ. ಹಳೆಯ ಕಂಪ್ಯೂಟರ್ ಕೆಟ್ಟಾಗ, ಹೊಸದನ್ನು ಕೊಂಡಾಗ ಅಥವಾ ಕೆಲಸದ ಜಾಗ ಬದಲಾದಾಗ ಈ ಪುಸ್ತಕವನ್ನೂ ಜೊತೆಗೆ ಒಯ್ಯಬೇಕಾಗುತ್ತದೆ. ಎರಡೂ ಯಂತ್ರಗಳಲ್ಲಿ ಒಂದೇ ತಂತ್ರಾಂಶದ ಒಂದೇ ಆವೃತ್ತಿಯಿದ್ದರೆ ಕಡತವೊಂದನ್ನು ನಕಲು ಮಾಡಿದರೆ ಸಾಕು. ಆದರೆ ಹೊಸ ಕಂಪ್ಯೂಟರ್ ಹೊಸ ಆವೃತ್ತಿಯೊಂದಿಗೇ ಬರುವುದರಿಂದ ಅಂಥ ಅನುಕೂಲ ಅಪರೂಪಕ್ಕೆ ಮಾತ್ರ ಒದಗುತ್ತದೆ. ಸ್ಥಳಾಂತರದಲ್ಲಿ ಇಮೇಲ್ ವಿಳಾಸ ಬಹುಮಟ್ಟಿಗೆ ಸುರಕ್ಷಿತವಾಗಿಯೇ ತಲುಪುತ್ತದೆ. ಹೆಸರಿನ ಯಾವ ಭಾಗ ಯಾವುದು, ಯಾವ ಸಂಖ್ಯೆ ಮನೆಯದು, ಯಾರು ಯಾವ ಗುಂಪಿಗೆ ಸೇರಿದವರು ಎಂಬ ಸಂಬಂಧಗಳು ಮಾತ್ರ ದಾರಿಯಲ್ಲಿ ಕಳಚಿಕೊಳ್ಳುತ್ತವೆ, ಮತ್ತು ಕಳಚಿದ್ದನ್ನು ಯಂತ್ರ ಯಾರಿಗೂ ಹೇಳುವುದಿಲ್ಲ. ಈ ಸದ್ದಿಲ್ಲದ ನಷ್ಟವೇ ಇಲ್ಲಿ ಸಮೀಕ್ಷೆಗೆ ಒಳಪಟ್ಟಿರುವ ವಿಷಯ.

ನಷ್ಟದ ಮೂಲ ತಿಳಿಯಬೇಕಾದರೆ ಮೊದಲು ವಿಳಾಸ ಪುಸ್ತಕವನ್ನು ತಂತ್ರಾಂಶಗಳು ಎಲ್ಲಿ, ಹೇಗೆ ಇಟ್ಟುಕೊಂಡಿದ್ದವು ಎಂಬುದನ್ನು ನೋಡಬೇಕು. ಮೈಕ್ರೋಸಾಫ್ಟ್ ಸಂಸ್ಥೆ 1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ನಾಲ್ಕನೆಯ ಆವೃತ್ತಿಯ ಜೊತೆಗೆ ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಇಮೇಲ್ ತಂತ್ರಾಂಶವನ್ನು ಕೊಟ್ಟಿತು; ಅದರ ವಿಳಾಸಗಳೆಲ್ಲ ಡಬ್ಲ್ಯುಎಬಿ ಎಂಬ ವಿಸ್ತರಣೆಯುಳ್ಳ ಒಂದೇ ಕಡತದಲ್ಲಿದ್ದವು. 2001ರ ವಿಂಡೋಸ್ ಎಕ್ಸ್‌ಪಿಯವರೆಗೆ ಇದೇ ವ್ಯವಸ್ಥೆ ನಡೆಯಿತು. ನಂತರ ಬಂದ ವಿಂಡೋಸ್ ವಿಸ್ತಾದಲ್ಲಿ ಒಂದು ಕಡತದ ಬದಲು ಒಬ್ಬೊಬ್ಬ ವ್ಯಕ್ತಿಗೂ ಒಂದೊಂದು ಕಡತವಿರುವ ವಿಂಡೋಸ್ ಕಾಂಟ್ಯಾಕ್ಟ್ಸ್ ಎಂಬ ಫೋಲ್ಡರ್ ಬಂತು. 2009ರ ವಿಂಡೋಸ್ 7ರಲ್ಲಿ ಇಮೇಲ್ ತಂತ್ರಾಂಶವೇ ಇರಲಿಲ್ಲ; ವಿಂಡೋಸ್ ಲೈವ್ ಮೇಲ್ ಎಂಬುದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕಿತ್ತು, ಅದು ವಿಳಾಸಗಳನ್ನು ಒಂದು ದತ್ತಸಂಚಯದೊಳಗೆ, ಬಳಕೆದಾರ ಯಾವ ಖಾತೆಯಿಂದ ಒಳಬಂದಿದ್ದಾನೆ ಎಂಬುದಕ್ಕೆ ಅಂಟಿಸಿ ಇಡುತ್ತಿತ್ತು. ಆದ್ದರಿಂದ ಆ ಖಾತೆಯಿಂದ ಹೊರಬಂದ ಕೂಡಲೇ ಪಟ್ಟಿ ಕಣ್ಮರೆಯಾದಂತೆ ತೋರುತ್ತಿತ್ತು. ಅದಕ್ಕೂ ಸಂಸ್ಥೆ 2017ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 10ರ ಮೇಲ್ ಮತ್ತು ಪೀಪಲ್ ಎಂಬ ಜೋಡಿಯ ಬೆಂಬಲ 2024ರ ಡಿಸೆಂಬರ್ 31ಕ್ಕೆ ಮುಗಿದು, ಅವುಗಳ ಜಾಗಕ್ಕೆ ಹೊಸ ಔಟ್‌ಲುಕ್ ಬಂದಿದೆ. ಒಂದೇ ಸಂಸ್ಥೆಯ ಉಚಿತ ತಂತ್ರಾಂಶವನ್ನು ನೆಚ್ಚಿಕೊಂಡ ಬಳಕೆದಾರನೂ ಮೂವತ್ತು ವರ್ಷ ತುಂಬುವ ಮೊದಲೇ ನಾಲ್ಕೈದು ಸಲ ಗಂಟುಮೂಟೆ ಕಟ್ಟಬೇಕಾಯಿತು.

ಇದಕ್ಕೆ ಹೆಸರಿನ ಗೊಂದಲವೂ ಸೇರಿಕೊಂಡಿತು. ಔಟ್‌ಲುಕ್ ಎಕ್ಸ್‌ಪ್ರೆಸ್ ಮತ್ತು ಔಟ್‌ಲುಕ್ ಎಂಬವು ಹೆಸರಿನಲ್ಲಿ ನಂಟರಂತೆ ಕಂಡರೂ ಬೇರೆ ಬೇರೆ ತಂತ್ರಾಂಶಗಳು. ಎರಡನೆಯದು ಆಫೀಸ್ ಕಟ್ಟಿನ ಭಾಗ, ಅದರ ಪತ್ರ, ದಿನಚರಿ, ವಿಳಾಸಗಳೆಲ್ಲ ಪಿಎಸ್‌ಟಿ ಎಂಬ ಒಂದೇ ಕಡತದಲ್ಲಿ ಕೂಡಿರುತ್ತವೆ. ಆ ಕಡತದ ಒಳರಚನೆ 2003ರ ಆವೃತ್ತಿಯಲ್ಲಿ ಬದಲಾಯಿತು. ಅದಕ್ಕೆ ಮುಂಚಿನ ರಚನೆಯಲ್ಲಿ ಕಡತ 2 ಗಿಗಾಬೈಟ್ ಮೀರುವಂತಿರಲಿಲ್ಲ ಮತ್ತು ಅಕ್ಷರಗಳನ್ನು ಆಯಾ ದೇಶದ ಹಳೆಯ ಸಂಕೇತ ಪದ್ಧತಿಯಲ್ಲಿ ಇಡಲಾಗುತ್ತಿತ್ತು. ಹೊಸ ರಚನೆ ಜಗತ್ತಿನ ಲಿಪಿಗಳನ್ನೆಲ್ಲ ಒಂದೇ ಕೋಷ್ಟಕಕ್ಕೆ ತಂದ ಯುನಿಕೋಡ್ ಪದ್ಧತಿಯನ್ನು ಒಪ್ಪಿಕೊಂಡಿತು. ಹಳೆಯ ಕಡತವನ್ನು ಹೊಸ ಔಟ್‌ಲುಕ್ ಓದುತ್ತಿತ್ತು, ಹೊಸ ಕಡತವನ್ನು 2002ರ ಆವೃತ್ತಿ ಓದಲಾರದೆ ಹೋಯಿತು. ಆವೃತ್ತಿಗಳ ನಡುವಿನ ದಾರಿ ಸಾಮಾನ್ಯವಾಗಿ ಹೀಗೆ ಒಮ್ಮುಖದ್ದು. ಮನೆಯಲ್ಲಿ ಹೊಸ ಆವೃತ್ತಿ, ಕಚೇರಿಯಲ್ಲಿ ಹಳೆಯದು ಇರುವವರಿಗೆ ತೊಂದರೆ ಬರುವುದು ಇಲ್ಲಿಯೇ.

ಮುಕ್ತ ತಂತ್ರಾಂಶಗಳೂ ಈ ಸಮಸ್ಯೆಗೆ ಹೊರತಾಗಿಲ್ಲ. ಮೊಜಿಲ್ಲಾ ಸಮುದಾಯದ ಥಂಡರ್‌ಬರ್ಡ್ 2004ರಲ್ಲಿ ತನ್ನ ಮೊದಲ ಪೂರ್ಣ ಆವೃತ್ತಿ ಕಂಡಾಗ ವಿಳಾಸಗಳನ್ನು ಮೋರ್ಕ್ ಎಂಬ ನಮೂನೆಯಲ್ಲಿ ಇಡುತ್ತಿತ್ತು. ಅದು ಅಕ್ಷರರೂಪದಲ್ಲಿದ್ದರೂ ಮನುಷ್ಯನ ಕಣ್ಣಿಗೆ ಬಿಡಿಸಲಾಗದಷ್ಟು ಗೋಜಲಾಗಿತ್ತು. 2020ರ 78ನೆಯ ಆವೃತ್ತಿಯ ಹೊತ್ತಿಗೆ ಅದನ್ನು ಕೈಬಿಟ್ಟು ಎಸ್‌ಕ್ಯೂಲೈಟ್ ಎಂಬ ಚಿಕ್ಕ ದತ್ತಸಂಚಯಕ್ಕೆ ಬಂದದ್ದಾಯಿತು. ಹೊಸ ಆವೃತ್ತಿ ಒಮ್ಮೆ ತೆರೆದ ಬಳಕೆದಾರನ ಸಂಗ್ರಹವನ್ನು ಹಳೆಯ ಆವೃತ್ತಿ ತೆರೆಯದಂತೆ ಥಂಡರ್‌ಬರ್ಡ್ ಈಗ ತಡೆಯುತ್ತದೆ. ಇದು ಬಳಕೆದಾರನಿಗೆ ಕಿರಿಕಿರಿಯೆನಿಸಿದರೂ ಒಳ್ಳೆಯ ನಡೆಯೇ ಸರಿ, ಏಕೆಂದರೆ ಅರ್ಥವಾಗದ ಕಡತವನ್ನು ಅರ್ಧಂಬರ್ಧ ಓದಿ ಹಾಳುಮಾಡುವುದಕ್ಕಿಂತ ತೆರೆಯಲು ನಿರಾಕರಿಸುವುದು ಪ್ರಾಮಾಣಿಕವಾದುದು.

ಎರಡು ತಂತ್ರಾಂಶಗಳು ಒಂದರ ಕಡತವನ್ನು ಇನ್ನೊಂದು ನೇರವಾಗಿ ಓದಲಾರದಿದ್ದಾಗ ಎರಡೂ ಬಲ್ಲ ಮಧ್ಯವರ್ತಿ ನಮೂನೆಯೊಂದು ಬೇಕಾಗುತ್ತದೆ. ಹಳೆಯ ತಂತ್ರಾಂಶದಿಂದ ಆ ನಮೂನೆಗೆ ವಿವರಗಳನ್ನು ಹೊರತೆಗೆಯುವುದನ್ನು ಎಕ್ಸ್‌ಪೋರ್ಟ್ ಎಂದೂ, ಹೊಸದಕ್ಕೆ ಅದರಿಂದ ಒಳತರುವುದನ್ನು ಇಂಪೋರ್ಟ್ ಎಂದೂ ಕರೆಯುತ್ತಾರೆ. ಇವುಗಳಲ್ಲಿ ಅತಿ ಹಳೆಯದು ಮತ್ತು ಅತಿ ವ್ಯಾಪಕವಾದುದು ಸಿಎಸ್‌ವಿ, ಅಂದರೆ ವಿವರಗಳನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿ ಒಬ್ಬೊಬ್ಬರಿಗೆ ಒಂದೊಂದು ಸಾಲು ಕೊಡುವ ಸರಳ ಪಠ್ಯ ಕಡತ. ಮೊದಲ ಸಾಲಿನಲ್ಲಿ ಖಾನೆಗಳ ಹೆಸರುಗಳಿರುತ್ತವೆ. ಖಾನೆ ಎಂದರೆ ಹೆಸರು, ಸಂಖ್ಯೆ, ಊರು ಮುಂತಾದ ಒಂದೊಂದು ಬಗೆಯ ವಿವರಕ್ಕೆ ಮೀಸಲಾದ ಸ್ಥಳ. ಈ ಪದ್ಧತಿಯನ್ನು ಲೋಕವೆಲ್ಲ ಬಳಸುತ್ತಿದ್ದ ಎಷ್ಟೋ ಕಾಲದ ನಂತರ, 2005ರಲ್ಲಿ, ಅದರ ವಾಡಿಕೆಗಳನ್ನು ಆರ್‌ಎಫ್‌ಸಿ 4180 ಎಂಬ ದಾಖಲೆ ಬರೆದಿಟ್ಟಿತು. ಅಂತರ್ಜಾಲದ ತಾಂತ್ರಿಕ ಒಪ್ಪಂದಗಳನ್ನು ಪ್ರಕಟಿಸುವ ಸರಣಿಗೆ ಆರ್‌ಎಫ್‌ಸಿ ಎಂದು ಹೆಸರು. ಆದರೆ ಆ ದಾಖಲೆ ಅಲ್ಪವಿರಾಮ, ಉದ್ಧರಣ ಚಿಹ್ನೆಗಳ ಬಗ್ಗೆ ಹೇಳಿತೇ ಹೊರತು ವಿಳಾಸ ಪುಸ್ತಕದಲ್ಲಿ ಯಾವ ಖಾನೆಗಳಿರಬೇಕು ಎಂದು ಹೇಳಲಿಲ್ಲ, ಅದು ಅದರ ಕೆಲಸವೂ ಆಗಿರಲಿಲ್ಲ. ಹೀಗಾಗಿ ಒಂದು ತಂತ್ರಾಂಶ ‘ಮನೆಯ ಫೋನ್’ ಎಂದು ಬರೆದದ್ದನ್ನು ಇನ್ನೊಂದು ‘ಫೋನ್ 1’ ಎಂದು ನಿರೀಕ್ಷಿಸುತ್ತದೆ, ಮತ್ತು ಹೊಂದದ ಖಾನೆಯನ್ನು ಮಾತಿಲ್ಲದೆ ಬಿಟ್ಟುಬಿಡುತ್ತದೆ. ಖಾನೆಗಳನ್ನು ಕೈಯಿಂದ ಹೊಂದಿಸುವ ಅವಕಾಶವನ್ನು ಹಲವು ತಂತ್ರಾಂಶಗಳು ಇಂಪೋರ್ಟ್ ಹಂತದಲ್ಲಿ ಕೊಡುತ್ತವೆ. ಅವಸರದಲ್ಲಿ ಮುಂದುವರಿಯುವ ಗುಂಡಿ ಒತ್ತುವವರು ಕಳೆದುಕೊಳ್ಳುವುದು ಈ ಅವಕಾಶವನ್ನು.

ಸಿಎಸ್‌ವಿ ಕಡತಕ್ಕೆ ಆಗುವ ಹೆಚ್ಚಿನ ಹಾನಿ ಇಮೇಲ್ ತಂತ್ರಾಂಶದಿಂದ ಆಗುವುದಿಲ್ಲ. ನಡುವೆ ಒಮ್ಮೆ ನೋಡಿ ಸರಿಪಡಿಸೋಣವೆಂದು ಎಕ್ಸೆಲ್ ತೆರೆದಾಗ ಆಗುತ್ತದೆ. ಎಕ್ಸೆಲ್ ಲೆಕ್ಕದ ತಂತ್ರಾಂಶವಾದುದರಿಂದ ಅಂಕೆಗಳಂತೆ ಕಂಡದ್ದೆಲ್ಲ ಅದಕ್ಕೆ ಲೆಕ್ಕದ ಸಂಖ್ಯೆಯೇ. ಬೆಂಗಳೂರಿನ ಸ್ಥಿರ ದೂರವಾಣಿಯ 080 ಅದರ ಕೈಯಲ್ಲಿ 80 ಆಗುತ್ತದೆ, ಮೈಸೂರಿನ 0821 ಎಂಬುದು 821 ಆಗುತ್ತದೆ. ದೇಶದ ಸಂಕೇತವಾದ 91 ಸೇರಿ ಹನ್ನೆರಡು ಅಂಕೆಗಳಾದ ಮೊಬೈಲ್ ಸಂಖ್ಯೆಯನ್ನು ಅದು ವೈಜ್ಞಾನಿಕ ಸಂಕೇತದಲ್ಲಿ, ಮೊದಲ ಕೆಲವು ಅಂಕೆಗಳನ್ನು ಮಾತ್ರ ತೋರಿಸಿ ಉಳಿದುದನ್ನು ಹತ್ತರ ಘಾತವಾಗಿ ಬರೆಯುತ್ತದೆ. ತೆರೆಯ ಮೇಲೆ ಹೀಗೆ ಕಾಣುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮತ್ತೆ ಸಿಎಸ್‌ವಿ ರೂಪದಲ್ಲಿ ಉಳಿಸಿದಾಗ ತೆರೆಯ ಮೇಲೆ ಕಂಡಂತೆಯೇ ಕಡತಕ್ಕೆ ಬರೆಯಲ್ಪಡುವುದರಿಂದ ಕೊನೆಯ ಅಂಕೆಗಳು ಶಾಶ್ವತವಾಗಿ ಹೋಗುತ್ತವೆ. ಕಡತವನ್ನು ನೇರವಾಗಿ ತೆರೆಯದೆ, ಡೇಟಾ ಪಟ್ಟಿಯ ಮೂಲಕ ಒಳತಂದು, ಸಂಖ್ಯೆಯ ಕಲಂಗಳನ್ನು ಪಠ್ಯವೆಂದು ಮೊದಲೇ ಗುರುತಿಸುವುದು ಇದಕ್ಕೆ ಪರಿಹಾರ.

ಎರಡನೆಯ ಹಾನಿ ಅಕ್ಷರಗಳಿಗೆ ಸಂಬಂಧಿಸಿದ್ದು, ಕನ್ನಡದಲ್ಲಿ ಹೆಸರು ಬರೆದಿಟ್ಟುಕೊಂಡವರಿಗೆ ಇದು ಮೊದಲಿನದಕ್ಕಿಂತ ಗಂಭೀರವಾದುದು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರವೂ ಬೈಟ್ ಎಂಬ ಎಂಟು ಬಿಟ್‌ಗಳ ಘಟಕಗಳಲ್ಲಿ ಕುಳಿತಿರುತ್ತದೆ. ಯುನಿಕೋಡನ್ನು ಕಡತಕ್ಕೆ ಬರೆಯುವ ಯುಟಿಎಫ್-8 ಎಂಬ ವಿಧಾನದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು. ಕಡತ ಯಾವ ವಿಧಾನದಲ್ಲಿದೆ ಎಂದು ಹೇಳುವ ಗುರುತು ಸಿಎಸ್‌ವಿಯಲ್ಲಿ ಕಡ್ಡಾಯವಲ್ಲ. ಓದುವ ತಂತ್ರಾಂಶ ಅದನ್ನು ಹಳೆಯ ಪಾಶ್ಚಾತ್ಯ ಪದ್ಧತಿಯದೆಂದು ಊಹಿಸಿದರೆ ‘ಕ’ ಎಂಬ ಒಂದು ಅಕ್ಷರದ ಜಾಗದಲ್ಲಿ ತಲೆಯ ಮೇಲೆ ಗೀಟುಳ್ಳ ಇಂಗ್ಲಿಷ್ ‘ಎ’, ಪುಟ್ಟದಾಗಿ ಮೇಲಕ್ಕೆ ಬರೆದ 2 ಮತ್ತು ಒಂದು ದಪ್ಪ ಚುಕ್ಕೆ ಸಾಲಾಗಿ ಕಾಣಿಸುತ್ತವೆ. ಕಣ್ಣಿಗೆ ಇದು ಭಯ ಹುಟ್ಟಿಸಿದರೂ ಇಲ್ಲಿ ಬೈಟ್‌ಗಳು ಹಾಳಾಗಿಲ್ಲ. ಸರಿಯಾದ ವಿಧಾನವನ್ನು ಆರಿಸಿ ಮತ್ತೆ ಓದಿಸಿದರೆ ಹೆಸರು ಮರಳಿ ಬರುತ್ತದೆ. ನಿಜವಾದ ನಾಶವಾಗುವುದು ಹೆಸರುಗಳ ಜಾಗದಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟಿದಾಗ. ವಿಂಡೋಸ್‌ನ ಹಳೆಯ ಎಎನ್‌ಎಸ್‌ಐ ಪದ್ಧತಿಗಳಲ್ಲಿ ರಷ್ಯನ್, ಗ್ರೀಕ್, ಅರಬ್ಬಿ ಲಿಪಿಗಳಿಗೆ ಒಂದೊಂದು ಕೋಷ್ಟಕವಿದ್ದರೂ ಕನ್ನಡಕ್ಕೆ ಅಂಥದೊಂದು ಇರಲೇ ಇಲ್ಲ. ಆ ಪದ್ಧತಿಯಲ್ಲಿ ಎಕ್ಸ್‌ಪೋರ್ಟ್ ಮಾಡುವ ತಂತ್ರಾಂಶ ಪ್ರತಿ ಕನ್ನಡ ಸಂಕೇತಕ್ಕೂ ಒಂದು ಪ್ರಶ್ನೆಯ ಗುರುತು ಇಟ್ಟು ಮುಂದೆ ಸಾಗುತ್ತದೆ. ಆ ಕಡತದಿಂದ ಹೆಸರನ್ನು ಯಾರೂ ಮರಳಿ ಪಡೆಯಲಾರರು. ಮೊದಲ ಬಗೆಯ ದೋಷವನ್ನೂ ಎರಡನೆಯದನ್ನೂ ಒಂದೇ ಎಂದು ತಿಳಿದು, ಸರಿಹೋಗಬಹುದಾದ ಕಡತವನ್ನು ಅಳಿಸಿಹಾಕುವುದೂ, ಸರಿಹೋಗಲಾರದ ಕಡತವನ್ನು ನಂಬಿ ಮೂಲವನ್ನು ಅಳಿಸುವುದೂ ಸಾಮಾನ್ಯವಾಗಿ ಆಗುವ ತಪ್ಪುಗಳು.

ಕನ್ನಡಕ್ಕೆ ಇನ್ನೂ ಒಂದು ಪದರವಿದೆ. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಯುನಿಕೋಡ್ ಕನ್ನಡವನ್ನು ತಂದರೂ, ಕನ್ನಡ ಗಣಕ ಪರಿಷತ್ತಿನ ನುಡಿ ಮತ್ತು 1998ರಲ್ಲಿ ಬಂದ ಬರಹ ತಂತ್ರಾಂಶಗಳ ಫಾಂಟ್ ಆಧಾರಿತ ಪದ್ಧತಿ ಕಚೇರಿ, ಮುದ್ರಣಾಲಯಗಳಲ್ಲಿ ಬಹುಕಾಲ ನಡೆಯಿತು. ಆ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳೇ; ಫಾಂಟ್ ಅವುಗಳಿಗೆ ಕನ್ನಡದ ಆಕಾರ ತೊಡಿಸುತ್ತದೆ. ನುಡಿಯಲ್ಲಿ ಬೆರಳಚ್ಚಿಸಿದ ‘ಕನ್ನಡ’ ಎಂಬ ಪದದಿಂದ ಫಾಂಟನ್ನು ಕಳಚಿದರೆ ಇಂಗ್ಲಿಷಿನ ದೊಡ್ಡ ‘ಪಿ’, ಬ್ರಿಟಿಷ್ ಪೌಂಡಿನ ಚಿಹ್ನೆ, ಸಣ್ಣ ‘ಕ್ಯೂ’ ಮುಂತಾದವು ಹೊರಬೀಳುತ್ತವೆ. ವಿಳಾಸ ಪುಸ್ತಕ ಫಾಂಟನ್ನು ಒಯ್ಯುವುದಿಲ್ಲವಾದ್ದರಿಂದ ಹೀಗೆ ಬರೆದಿಟ್ಟ ಪಟ್ಟಿಗಳನ್ನು ಸ್ಥಳಾಂತರಕ್ಕೆ ಮೊದಲೇ ಯುನಿಕೋಡಿಗೆ ಪರಿವರ್ತಿಸಬೇಕು. ಅದೂ ಹೆಸರಿನ ಖಾನೆಗಳನ್ನು ಮಾತ್ರ. ಇಡೀ ಕಡತವನ್ನು ಪರಿವರ್ತಕಕ್ಕೆ ಕೊಟ್ಟರೆ ಇಂಗ್ಲಿಷಿನಲ್ಲಿರುವ ಇಮೇಲ್ ವಿಳಾಸಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ.

ಸಿಎಸ್‌ವಿಗಿಂತ ಹೆಚ್ಚು ತಿಳಿವಳಿಕೆಯಿಂದ ರೂಪುಗೊಂಡದ್ದು ವಿಕಾರ್ಡ್ ಎಂಬ ನಮೂನೆ. ಕೈಗೆ ಕೊಡುವ ವಿಸಿಟಿಂಗ್ ಕಾರ್ಡಿನ ವಿದ್ಯುನ್ಮಾನ ರೂಪವೆಂಬ ಕಲ್ಪನೆಯಿಂದ ಹುಟ್ಟಿದ ಇದನ್ನು ಆ್ಯಪಲ್, ಎಟಿ ಅಂಡ್ ಟಿ, ಐಬಿಎಂ ಮತ್ತು ಸೀಮೆನ್ಸ್ ಸಂಸ್ಥೆಗಳು ಸೇರಿ ಕಟ್ಟಿದ ವರ್ಸಿಟ್ ಎಂಬ ಒಕ್ಕೂಟ ರೂಪಿಸಿತು, 1996ರಲ್ಲಿ 2.1 ಎಂಬ ಆವೃತ್ತಿ ಹೊರಬಂತು. 1998ರಲ್ಲಿ ಮೂರನೆಯದು, 2011ರಲ್ಲಿ ಆರ್‌ಎಫ್‌ಸಿ 6350ರ ಮೂಲಕ ನಾಲ್ಕನೆಯದು ಬಂದವು. ಇಲ್ಲಿ ಖಾನೆಗಳ ಹೆಸರುಗಳು ಮೊದಲೇ ನಿಗದಿಯಾಗಿರುವುದರಿಂದ ಒಂದು ಸಂಖ್ಯೆ ಮನೆಯದೋ ಕಚೇರಿಯದೋ ಎಂಬ ಮಾಹಿತಿ ಅದಕ್ಕೆ ಅಂಟಿಕೊಂಡೇ ಸಾಗುತ್ತದೆ, ಭಾವಚಿತ್ರವೂ ಕಡತದೊಳಗೇ ಸೇರುತ್ತದೆ. ಆದರೂ ಮೂರು ಆವೃತ್ತಿಗಳು ಇಂದಿಗೂ ಅಕ್ಕಪಕ್ಕದಲ್ಲಿ ಬದುಕಿವೆ. ಡೆಸ್ಕ್‌ಟಾಪಿನ ಔಟ್‌ಲುಕ್ ಮತ್ತು ಅನೇಕ ಆಂಡ್ರಾಯ್ಡ್ ಫೋನುಗಳು 2.1ರಲ್ಲಿ ಬರೆಯುತ್ತ ಬಂದಿವೆ, ಗೂಗಲ್ ಮತ್ತು ಆ್ಯಪಲ್ 3.0ರಲ್ಲಿ ಬರೆಯುತ್ತವೆ, ಹೊಸ ತಂತ್ರಾಂಶಗಳು 4.0ರತ್ತ ಸಾಗುತ್ತಿವೆ. ಒಂದೇ ಕಡತದಲ್ಲಿ ನೂರಾರು ಕಾರ್ಡುಗಳನ್ನು ಸೇರಿಸಬಹುದಾದರೂ ಡೆಸ್ಕ್‌ಟಾಪಿನ ಔಟ್‌ಲುಕ್ ಅಂಥ ಕಡತದಿಂದ ಮೊದಲ ಕಾರ್ಡನ್ನು ಮಾತ್ರ ತೆಗೆದುಕೊಳ್ಳುತ್ತದೆ. ಮುನ್ನೂರು ಜನರ ಪಟ್ಟಿಯಲ್ಲಿ ಒಬ್ಬರ ಹೆಸರು ಮಾತ್ರ ಹೊಸ ಯಂತ್ರದಲ್ಲಿ ಕಾಣಿಸಿಕೊಂಡಾಗ ದೋಷ ಕಡತದ್ದಲ್ಲ, ಓದುವ ರೀತಿಯದು.

ಆವೃತ್ತಿಗಳ ವ್ಯತ್ಯಾಸ ಕನ್ನಡದ ಹೆಸರಿನ ಮೇಲೆ ಹೇಗೆ ಬೀಳುತ್ತದೆ ಎಂಬುದನ್ನು ಹತ್ತಿರದಿಂದ ನೋಡುವುದು ಉಚಿತ. 2.1ರ ಆವೃತ್ತಿ ಇಂಗ್ಲಿಷೇತರ ಬೈಟ್‌ಗಳನ್ನು ನೇರವಾಗಿ ಬರೆಯದೆ, ಪ್ರತಿ ಬೈಟಿಗೂ ಒಂದು ಸಮ ಚಿಹ್ನೆ ಮತ್ತು ಎರಡು ಸಂಕೇತಾಕ್ಷರಗಳನ್ನು ಕೊಡುವ ಬಳಸುದಾರಿಯನ್ನು ಹಿಡಿಯುತ್ತದೆ. ಹೀಗಾಗಿ ‘ಕ’ ಎಂಬುದು ಒಂಬತ್ತು ಚಿಹ್ನೆಗಳಷ್ಟು ಉದ್ದವಾಗುತ್ತದೆ. ‘ಸ್ತ್ರೀ’ ಎಂಬ ಒಂದೇ ಒತ್ತಕ್ಷರದಲ್ಲಿ ಮೂರು ವ್ಯಂಜನ, ಎರಡು ಹಲಂತ, ಒಂದು ಸ್ವರಚಿಹ್ನೆ ಸೇರಿ ಆರು ಸಂಕೇತಗಳಿರುವುದರಿಂದ ಅದು ಹದಿನೆಂಟು ಬೈಟ್, ಐವತ್ತನಾಲ್ಕು ಚಿಹ್ನೆಗಳಾಗುತ್ತದೆ. ವಿಕಾರ್ಡಿನ ಸಾಲು ಸುಮಾರು 75ರ ಮಿತಿ ಮೀರಿದರೆ ಅದನ್ನು ಮಡಿಚಿ ಮುಂದಿನ ಸಾಲಿಗೆ ಒಯ್ಯುವುದು ರೂಢಿ. ಇಂಗ್ಲಿಷ್ ಹೆಸರು ಈ ಮಿತಿಯನ್ನು ಮುಟ್ಟುವುದೇ ಅಪರೂಪ, ಕನ್ನಡದ ಹೆಸರು ಹೆಚ್ಚುಕಡಿಮೆ ಯಾವಾಗಲೂ ಮುಟ್ಟುತ್ತದೆ. ಮಡಿಚಿದ ಜಾಗ ಒಂದು ಅಕ್ಷರದ ಮೂರು ಬೈಟ್‌ಗಳ ನಡುವೆ ಬಿದ್ದರೆ, ಮತ್ತು ಓದುವ ತಂತ್ರಾಂಶ ಮಡಿಕೆಯನ್ನು ಬಿಚ್ಚುವ ಮೊದಲೇ ಅಕ್ಷರಗಳನ್ನು ಗುರುತಿಸಲು ಹೊರಟರೆ, ಆ ಅಕ್ಷರ ಒಡೆದು ಹೋಗುತ್ತದೆ. ನಾಲ್ಕನೆಯ ಆವೃತ್ತಿ ಯುಟಿಎಫ್-8ನ್ನು ಕಡ್ಡಾಯ ಮಾಡಿ, ಅಕ್ಷರದ ನಡುವೆ ಮಡಿಚಬಾರದೆಂದು ಹೇಳಿದ್ದು ಇಂಥ ಲಿಪಿಗಳಿಗೆ ದೊಡ್ಡ ಉಪಕಾರ.

ಅಕ್ಷರಗಳು ಸರಿಯಾಗಿ ತಲುಪಿದ ಮೇಲೂ ಹೆಸರಿನ ರಚನೆಯ ಪ್ರಶ್ನೆ ಉಳಿಯುತ್ತದೆ, ಮತ್ತು ಇಡೀ ವಿಷಯದಲ್ಲಿ ಅತ್ಯಂತ ಆಳವಾದ ತೊಡಕು ಇದೇ. ವಿಕಾರ್ಡ್ ಹೆಸರನ್ನು ಕುಟುಂಬನಾಮ, ಸ್ವಂತ ಹೆಸರು, ಹೆಚ್ಚುವರಿ ಹೆಸರು, ಹಿಂದೆ ಮುಂದೆ ಸೇರುವ ಬಿರುದು ಎಂದು ಐದು ಭಾಗ ಮಾಡುತ್ತದೆ. ಈ ವಿಭಜನೆಗೆ ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬ ಹೆಸರು ಸಲೀಸಾಗಿ ಒಗ್ಗುತ್ತದೆ: ಮೊದಲನೆಯದು ಸ್ವಂತ ಹೆಸರು, ನಡುವಿನದು ತಂದೆಯದು, ಕೊನೆಯದು ಮನೆತನದ್ದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರನ್ನು ಅದೇ ಅಚ್ಚಿಗೆ ಹಾಕಿದರೆ ಊರಿನ ಹೆಸರು ಸ್ವಂತ ಹೆಸರಿನ ಖಾನೆಗೂ, ಸ್ವಂತ ಹೆಸರು ಕುಟುಂಬನಾಮದ ಖಾನೆಗೂ ಬೀಳುತ್ತದೆ. ಕವಿಗಳಿಬ್ಬರೂ ಜ್ಞಾನಪೀಠ ಪುರಸ್ಕೃತರು, ಇಬ್ಬರ ಹೆಸರಿನಲ್ಲೂ ಮೂರು ಭಾಗಗಳಿವೆ, ಆದರೆ ಧಾರವಾಡದ ಕಡೆಯ ಕ್ರಮ ಮತ್ತು ಮಲೆನಾಡು, ಹಳೆಯ ಮೈಸೂರಿನ ಕ್ರಮ ಒಂದಕ್ಕೊಂದು ತಿರುವುಮುರುವು. ಇನ್ನು ಇನಿಷಿಯಲ್ ಮಾತ್ರ ಬರೆದಿದ್ದರೆ ತಂತ್ರಾಂಶ ‘ಕೆ.’ ಎಂಬುದನ್ನೇ ಸ್ವಂತ ಹೆಸರೆಂದು ತಿಳಿದು, ಪತ್ರದ ಆರಂಭದಲ್ಲಿ ‘ಪ್ರಿಯ ಕೆ.’ ಎಂದು ಸಂಬೋಧಿಸುವ ಮಟ್ಟಕ್ಕೆ ಹೋಗುತ್ತದೆ. ಒಂದು ಆವೃತ್ತಿ ಇಡೀ ಹೆಸರನ್ನು ಒಂದೇ ಖಾನೆಯಲ್ಲಿಟ್ಟು, ಇನ್ನೊಂದು ಅದನ್ನು ಖಾಲಿಜಾಗ ಕಂಡಲ್ಲೆಲ್ಲ ಕತ್ತರಿಸಿದರೆ, ಹಾಗೆ ಕತ್ತರಿಸಿದ್ದನ್ನು ಮತ್ತೊಂದು ಕುಟುಂಬನಾಮ ಮುಂದಿಟ್ಟು ಜೋಡಿಸಿದರೆ, ಎರಡು ಸ್ಥಳಾಂತರಗಳ ನಂತರ ಹೆಸರಿನ ಅನುಕ್ರಮವೇ ಅದಲುಬದಲಾಗಿರುತ್ತದೆ. ಪೂರ್ಣ ಹೆಸರನ್ನು ಬರೆದ ಹಾಗೆಯೇ ಇಡುವ ಬೇರೊಂದು ಖಾನೆ ವಿಕಾರ್ಡಿನಲ್ಲಿದೆ, 3.0ರಿಂದ ಮುಂದಕ್ಕೆ ಅದು ಕಡ್ಡಾಯವೂ ಹೌದು. ನಾಲ್ಕನೆಯ ಆವೃತ್ತಿಯಲ್ಲಿ ಐದು ಭಾಗಗಳ ಖಾನೆ ಐಚ್ಛಿಕವಾಗಿದೆ. ಕರ್ನಾಟಕದ ಹೆಸರುಗಳಿಗೆ ಪೂರ್ಣ ಹೆಸರಿನ ಖಾನೆಯನ್ನೇ ಪ್ರಮಾಣವೆಂದು ಹಿಡಿಯುವುದು ಸರಿಯಾದ ಕ್ರಮ.

ಎರಡು ಪಟ್ಟಿಗಳು ಕೂಡಿದಾಗ ಒಬ್ಬರೇ ಎರಡು ಸಲ ಕಾಣಿಸಿಕೊಳ್ಳುವ ಇಮ್ಮಡಿ ನಮೂದುಗಳಿಗೂ ಲಿಪಿ ಕಾರಣವಾಗಬಲ್ಲದು. ‘ರಾಜ್‌ಕುಮಾರ್’ ಎಂಬುದನ್ನು ಒತ್ತಕ್ಷರವಾಗದಂತೆ ಬರೆಯಬೇಕಾದರೆ ‘ಜ್’ ಆದಮೇಲೆ ಕಣ್ಣಿಗೆ ಕಾಣದ ಜೋಡಣಾ ನಿರೋಧಕ ಸಂಕೇತವೊಂದನ್ನು ಇಡಬೇಕು. ಸ್ಥಳಾಂತರದಲ್ಲಿ ಅದು ಕಳೆದರೆ ‘ರಾಜ್ಕುಮಾರ್’ ಎಂದಾಗುತ್ತದೆ, ಹುಡುಕಿದರೆ ಸಿಗುವುದಿಲ್ಲ. ‘ಗೋವಿಂದ’ದ ‘ಗೋ’ ಅಕ್ಷರದಲ್ಲಿರುವ ಸ್ವರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಎಂಬ ಮೂರು ತುಂಡುಗಳಾಗಿಯೂ ಬರೆಯಬಹುದು. ಎರಡೂ ಸಮಾನವೆಂದು ಯುನಿಕೋಡ್ ಹೇಳುತ್ತದೆ, ಹೋಲಿಸುವ ಮೊದಲು ಒಂದೇ ರೂಪಕ್ಕೆ ತರದ ತಂತ್ರಾಂಶಕ್ಕೆ ಮಾತ್ರ ಅವು ಇಬ್ಬರು ಗೋವಿಂದರು.

ಗುಂಪುಗಳ ವಿಷಯವನ್ನು ಬೇಗ ಮುಗಿಸಬಹುದು. ಸಂಘದ ಸದಸ್ಯರಿಗೆಲ್ಲ ಒಂದೇ ಸಲ ಪತ್ರ ಕಳುಹಿಸಲು ಮಾಡಿಕೊಂಡ ಪಟ್ಟಿ ಔಟ್‌ಲುಕ್‌ನ ಸಿಎಸ್‌ವಿ ಎಕ್ಸ್‌ಪೋರ್ಟಿನಲ್ಲಿ ಬರುವುದಿಲ್ಲ. ವಿಕಾರ್ಡ್ 4.0ರಲ್ಲಿ ಗುಂಪಿಗೆ ಸ್ಥಾನವಿದ್ದರೂ ಹಿಂದಿನ ಆವೃತ್ತಿಗಳಲ್ಲಿ ಇರಲಿಲ್ಲ. ಗುಂಪಿಗೊಂದು ಪತ್ರ ಬರೆಯುವಂತೆ ಮಾಡಿ, ಅದನ್ನು ಕಳುಹಿಸದೆ ವಿಳಾಸಗಳ ಸಾಲನ್ನು ನಕಲು ಮಾಡಿಟ್ಟುಕೊಂಡು ಹೊಸ ಕಡೆ ಗುಂಪನ್ನು ಮತ್ತೆ ಕಟ್ಟುವುದೇ ನಂಬಬಹುದಾದ ಹಾದಿ.

ವಿಳಾಸ ಪುಸ್ತಕದಲ್ಲಿ ಇಲ್ಲದೆಯೂ ಬಳಕೆದಾರ ದಿನನಿತ್ಯ ನೆಚ್ಚಿಕೊಂಡಿರುವ ವಿಳಾಸಗಳಿಗೆ ಹೆಚ್ಚು ಗಮನ ಬೇಕು. ಮೊದಲ ಎರಡು ಅಕ್ಷರ ಒತ್ತಿದೊಡನೆ ತಾನಾಗಿ ಪೂರ್ಣಗೊಳ್ಳುವ ಹೆಸರುಗಳನ್ನು ಕಂಡು, ಅವೆಲ್ಲ ಪುಸ್ತಕದಲ್ಲಿವೆ ಎಂದು ಬಳಕೆದಾರ ನಂಬಿರುತ್ತಾನೆ. ಔಟ್‌ಲುಕ್ 2003 ಮತ್ತು 2007ರಲ್ಲಿ ಆ ಹೆಸರುಗಳು ಇದ್ದದ್ದು ಎನ್‌ಕೆ2 ಎಂಬ ಬೇರೆ ಕಡತದಲ್ಲಿ. 2010ರ ಆವೃತ್ತಿ ಆ ಕಡತವನ್ನು ಬಿಟ್ಟು ಬೇರೆ ಏರ್ಪಾಟಿಗೆ ಹೋಯಿತು. ಥಂಡರ್‌ಬರ್ಡಿನಲ್ಲಿ ಇವು ‘ಸಂಗ್ರಹಿತ ವಿಳಾಸಗಳು’ ಎಂಬ ಎರಡನೆಯ ಪುಸ್ತಕದಲ್ಲಿಯೂ, ಜಿಮೇಲಿನಲ್ಲಿ ‘ಇತರ ಸಂಪರ್ಕಗಳು’ ಎಂಬ ವಿಭಾಗದಲ್ಲಿಯೂ ಇರುತ್ತವೆ. ಮುಖ್ಯ ಪುಸ್ತಕವನ್ನು ಮಾತ್ರ ಒಯ್ದವರಿಗೆ ಇವು ಸಿಗುವುದಿಲ್ಲ. ಕಚೇರಿಯ ಎಕ್ಸ್‌ಚೇಂಜ್ ಸರ್ವರಿನಿಂದ ಬಂದ ನಮೂದುಗಳಲ್ಲಿ ಮತ್ತೊಂದು ಬಲೆಯಿದೆ: ಸಹೋದ್ಯೋಗಿಯ ಹೆಸರಿನ ಹಿಂದೆ ಕೆಲವು ಸಲ ಸಾಮಾನ್ಯ ಇಮೇಲ್ ವಿಳಾಸದ ಬದಲು, ಸರ್ವರ್ ತನ್ನ ಒಳಬಳಕೆಗೆ ಇಟ್ಟುಕೊಂಡ, ಓರೆಗೆರೆಗಳಿಂದ ಕೂಡಿದ ಉದ್ದನೆಯ ಗುರುತು ಇರುತ್ತದೆ. ಆ ಕಚೇರಿಯ ಗೋಡೆಯೊಳಗೆ ಅದು ನಡೆಯುತ್ತದೆ. ಹೊರಗೆ ಬಂದ ಮೇಲೆ ಆ ನಮೂದಿಗೆ ಬರೆದ ಪತ್ರ ತಲುಪದೆ ಹಿಂದಕ್ಕೆ ಬರುತ್ತದೆ. ಕೆಲಸ ಬಿಡುವವರು ಕೊನೆಯ ದಿನಕ್ಕೆ ಮೊದಲೇ ಇಂಥ ನಮೂದುಗಳನ್ನು ತೆರೆದು, ನಿಜವಾದ ವಿಳಾಸವನ್ನು ಬರೆದಿಟ್ಟುಕೊಳ್ಳುವುದು ಒಳಿತು.

ವರ್ಷ ತಿಳಿಯದ ಹುಟ್ಟುಹಬ್ಬದಂಥ ಸಣ್ಣ ವಿವರದಲ್ಲೂ ಆವೃತ್ತಿಯ ಅಂತರ ಇಣುಕುತ್ತದೆ. ವಿಕಾರ್ಡ್ 3.0ರಲ್ಲಿ ವರ್ಷವಿಲ್ಲದೆ ದಿನಾಂಕ ಬರೆಯಲು ಅವಕಾಶವಿಲ್ಲವಾದ್ದರಿಂದ ಆ್ಯಪಲ್ 1604 ಎಂಬ ವರ್ಷವನ್ನು ತುಂಬಿ, ಅದನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ಖಾಸಗಿ ಗುರುತೊಂದನ್ನು ಜೊತೆಗಿಡುತ್ತದೆ. ಆ ಗುರುತನ್ನು ಅರಿಯದ ತಂತ್ರಾಂಶದಲ್ಲಿ ಸ್ನೇಹಿತರು ಹದಿನೇಳನೆಯ ಶತಮಾನದಲ್ಲಿ ಹುಟ್ಟಿದವರಾಗಿ ಕಾಣುತ್ತಾರೆ. ಪ್ರತಿ ಸಂಸ್ಥೆಯೂ ಹೀಗೆ ತನ್ನದೇ ಖಾನೆಗಳನ್ನು ಸೇರಿಸಿಕೊಂಡಿದೆ, ಬೇರೆಯವರು ಅವುಗಳನ್ನು ದಾಟಿ ಹೋಗುತ್ತಾರೆ.

ಕಡತಗಳನ್ನು ಒಯ್ಯುವ ಕಷ್ಟದಿಂದ ಪಾರಾಗಲು ಕಂಡುಕೊಂಡ ಇನ್ನೊಂದು ದಾರಿ, ಪುಸ್ತಕವನ್ನು ಯಂತ್ರದಲ್ಲಿಡದೆ ಅಂತರ್ಜಾಲದ ಸರ್ವರಿನಲ್ಲಿಟ್ಟು, ಎಲ್ಲ ಯಂತ್ರಗಳೂ ಅದರೊಂದಿಗೆ ಹೊಂದಿಸಿಕೊಳ್ಳುವಂತೆ ಮಾಡುವುದು. ಇದಕ್ಕಾಗಿ 2011ರಲ್ಲಿ ಬಂದ ಕಾರ್ಡ್‌ಡಾವ್ ಎಂಬ ಒಪ್ಪಂದ ವಿಕಾರ್ಡನ್ನೇ ಆಧಾರವಾಗಿಟ್ಟುಕೊಂಡಿದೆ, ಗೂಗಲ್ ಅದನ್ನು 2012ರಲ್ಲಿ ಸ್ವೀಕರಿಸಿತು. ಈ ವ್ಯವಸ್ಥೆಯಲ್ಲಿ ಎರಡು ಆವೃತ್ತಿಗಳು ಮುಖಾಮುಖಿಯಾಗದೆ ಸರ್ವರಿನ ಮೂಲಕ ಮಾತಾಡುವುದರಿಂದ ಸ್ಥಳಾಂತರ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಆದರೆ ಹೊಂದಾಣಿಕೆ ಎರಡೂ ದಿಕ್ಕಿನದು: ಹೊಸ ಫೋನಿನಲ್ಲಿ ಬೇಡವೆಂದು ಅಳಿಸಿದ ಹೆಸರು ಎಲ್ಲ ಕಡೆಯಿಂದಲೂ ಅಳಿಯುತ್ತದೆ. ಗೂಗಲ್ ಸಂಪರ್ಕ ಪಟ್ಟಿಯನ್ನು ಹಿಂದಿನ 30 ದಿನಗಳೊಳಗಿನ ಸ್ಥಿತಿಗೆ ಮರಳಿಸಬಹುದೆಂಬುದು ಸಮಾಧಾನದ ಸಂಗತಿ, ಆದರೆ ಆ ಅವಧಿಯೊಳಗೆ ನಷ್ಟ ಗಮನಕ್ಕೆ ಬಂದಿರಬೇಕು.

ಸರ್ವರಿಗೆ ಹೋದ ಪುಸ್ತಕ ಯಾರದು ಎಂಬ ಪ್ರಶ್ನೆಯೂ ಇದರೊಂದಿಗೆ ಏಳುತ್ತದೆ. 2010ರ ನವೆಂಬರಿನಲ್ಲಿ ಗೂಗಲ್ ತನ್ನ ಸಂಪರ್ಕ ಪಟ್ಟಿಗಳನ್ನು ಫೇಸ್‌ಬುಕ್ ತಾನಾಗಿ ಎಳೆದುಕೊಳ್ಳುವುದನ್ನು ತಡೆಯಿತು. ಪಡೆಯುವ ಸಂಸ್ಥೆ ತಾನೂ ಕೊಡಲು ಸಿದ್ಧವಿರಬೇಕೆಂಬುದು ಅದರ ವಾದವಾಗಿತ್ತು. ಯೂರೋಪಿನ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮಾವಳಿ 2018ರ ಮೇ 25ರಿಂದ ಜಾರಿಗೆ ಬಂದಾಗ ಅದರ 20ನೆಯ ವಿಧಿ, ತಾನು ಕೊಟ್ಟ ಮಾಹಿತಿಯನ್ನು ಯಂತ್ರ ಓದಬಲ್ಲ ಸಾಮಾನ್ಯ ನಮೂನೆಯಲ್ಲಿ ಮರಳಿ ಪಡೆಯುವ ಹಕ್ಕನ್ನು ವ್ಯಕ್ತಿಗೆ ನೀಡಿತು. ಭಾರತದ 2019ರ ಮಸೂದೆಯಲ್ಲಿ ಇಂಥ ಹಕ್ಕಿತ್ತು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅದು ಉಳಿಯಲಿಲ್ಲ. ಇದು ವಿಷಾದದ ಸಂಗತಿ; ಎಕ್ಸ್‌ಪೋರ್ಟ್ ಗುಂಡಿ ಇರಬೇಕೋ ಬೇಡವೋ ಎಂಬುದು ಸಂಸ್ಥೆಯ ಔದಾರ್ಯಕ್ಕೆ ಬಿಟ್ಟ ವಿಷಯವಾಗಬಾರದಿತ್ತು.

ಇಮೇಲ್ ವಿಳಾಸ ಮಾತ್ರ ಸುರಕ್ಷಿತವಾಗಿ ತಲುಪುತ್ತದೆ ಎಂಬ ಮಾತಿಗೂ ಈಗ ಅಪವಾದ ಹುಟ್ಟಿದೆ. ವಿಳಾಸವನ್ನೇ ಬೇರೆ ಲಿಪಿಗಳಲ್ಲಿ ಬರೆಯುವ ಚೌಕಟ್ಟು 2012ರ ಆರ್‌ಎಫ್‌ಸಿ 6530ರಿಂದ ದೊರೆತಿದೆ, ಕನ್ನಡದಲ್ಲಿ ‘.ಭಾರತ’ ಎಂಬ ಡೊಮೇನ್ ಕೂಡ ಇದೆ. ಕನ್ನಡ ಲಿಪಿಯ ಇಮೇಲ್ ವಿಳಾಸವನ್ನು ಹಳೆಯ ತಂತ್ರಾಂಶಗಳು ತಪ್ಪು ವಿಳಾಸವೆಂದು ಬಗೆದು ಇಂಪೋರ್ಟ್ ಸಮಯದಲ್ಲಿ ಕೈಬಿಡಬಹುದು. ಅಂಥ ವಿಳಾಸವುಳ್ಳವರಿಗೆ ಇಂಗ್ಲಿಷ್ ಲಿಪಿಯ ಎರಡನೆಯ ವಿಳಾಸವಿದ್ದರೆ ಅದನ್ನೂ ಬರೆದಿಡುವುದು ಸದ್ಯದ ಮಟ್ಟಿಗೆ ಅಗತ್ಯ.

ಇಷ್ಟರ ಬೆಳಕಿನಲ್ಲಿ ನೋಡಿದರೆ, ಸ್ಥಳಾಂತರದಲ್ಲಿ ಹೆಚ್ಚಿನ ಶ್ರಮ ಸಲ್ಲಬೇಕಾದದ್ದು ಒಯ್ಯುವುದಕ್ಕಲ್ಲ, ಪರೀಕ್ಷೆಗೆ. ಇಡೀ ಪಟ್ಟಿಯನ್ನು ಸಾಗಿಸುವ ಮೊದಲು ನಾಲ್ಕೈದು ನಮೂದುಗಳನ್ನು ಮಾತ್ರ ಕಳುಹಿಸಿ ನೋಡುವುದು ಎಲ್ಲಕ್ಕಿಂತ ಫಲಕಾರಿ: ಒತ್ತಕ್ಷರವಿರುವ ಕನ್ನಡ ಹೆಸರೊಂದು, ಊರು ಮತ್ತು ತಂದೆಯ ಇನಿಷಿಯಲ್ ಉಳ್ಳದ್ದೊಂದು, 080ರಿಂದ ಶುರುವಾಗುವ ಸಂಖ್ಯೆಯೊಂದಿಗೆ ಎರಡು ಮೊಬೈಲ್ ಸಂಖ್ಯೆಗಳಿರುವುದೊಂದು, ಅಲ್ಪವಿರಾಮ ಮತ್ತು ಹಲವು ಸಾಲುಗಳ ಅಂಚೆ ವಿಳಾಸವಿರುವುದೊಂದು. ಇವು ಸರಿಯಾಗಿ ತಲುಪಿದರೆ ಉಳಿದವೂ ತಲುಪುವ ಸಂಭವ ಹೆಚ್ಚು. ಎರಡೂ ಕಡೆ ಒಟ್ಟು ನಮೂದುಗಳನ್ನು ಎಣಿಸಿ ತಾಳೆ ನೋಡಬೇಕು. ಆಯ್ಕೆಯಿದ್ದಲ್ಲಿ ಸಿಎಸ್‌ವಿಗಿಂತ ವಿಕಾರ್ಡ್ 3.0 ಅಥವಾ 4.0 ಮೇಲು, ಸಿಎಸ್‌ವಿಯೇ ಗತಿಯಾದರೆ ಯುಟಿಎಫ್-8 ಎಂದು ನಮೂದಿಸಿದ ಆಯ್ಕೆಯನ್ನೇ ಹಿಡಿಯಬೇಕು. ಹಳೆಯ ಯಂತ್ರವನ್ನು ಕೆಲವು ತಿಂಗಳು ಹಾಗೆಯೇ ಇಟ್ಟಿರುವುದು ಉಚಿತ, ಏಕೆಂದರೆ ಇಲ್ಲದ ಹೆಸರು ಗೊತ್ತಾಗುವುದು ಅದು ಬೇಕಾದ ದಿನ. ಕೆಲಸ ಮುಗಿದ ಮೇಲೆ ಪೆನ್‌ಡ್ರೈವಿನಲ್ಲಿ, ಸೈಬರ್ ಸೆಂಟರಿನ ಯಂತ್ರದಲ್ಲಿ ಉಳಿದ ನಕಲುಗಳನ್ನು ಅಳಿಸುವುದು ಕರ್ತವ್ಯವೇ ಸರಿ. ಪುಸ್ತಕ ಒಬ್ಬನದಾದರೂ ಅದರೊಳಗಿನ ಸಂಖ್ಯೆಗಳು ನೂರಾರು ಜನರು ನಂಬಿ ಕೊಟ್ಟವು.

ವಿಕಾರ್ಡಿನ ನಂತರದ ಹೆಜ್ಜೆಯಾಗಿ 2024ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 9553 ಜೆಎಸ್‌ಕಾಂಟ್ಯಾಕ್ಟ್ ಎಂಬ ಹೊಸ ನಮೂನೆಯನ್ನು ಪ್ರಕಟಿಸಿದೆ. ಅದರಲ್ಲಿ ಹೆಸರು ಐದು ಖಾನೆಗಳ ಪೆಟ್ಟಿಗೆಯಾಗಿ ಉಳಿದಿಲ್ಲ. ಭಾಗಗಳನ್ನು ಒಂದರ ಹಿಂದೊಂದು ಪೋಣಿಸಿ, ಪ್ರತಿಯೊಂದಕ್ಕೂ ಅದರ ಬಗೆಯನ್ನು ಹೇಳಿ, ಈ ಅನುಕ್ರಮವನ್ನು ಕದಲಿಸಬಾರದೆಂಬ ಸೂಚನೆಯನ್ನೂ ಜೊತೆಗೆ ಕೊಡಬಹುದು. ಬಗೆಗಳ ಪಟ್ಟಿಯಲ್ಲಿ ಸ್ವಂತ ಹೆಸರು, ಎರಡನೆಯ ಹೆಸರು, ಕುಟುಂಬನಾಮ, ಎರಡನೆಯ ಕುಟುಂಬನಾಮ, ಬಿರುದು, ತಲೆಮಾರಿನ ಗುರುತು ಮುಂತಾದವು ಇವೆ. ಕುಪ್ಪಳಿ ಎಂಬ ಊರಿಗಾಗಲಿ ವೆಂಕಟಪ್ಪ ಎಂಬ ತಂದೆಯ ಹೆಸರಿಗಾಗಲಿ ಹೊಂದುವ ಬಗೆ ಅಲ್ಲಿಯೂ ಇಲ್ಲ. ಆದರೆ ಮೂರೂ ಹೆಸರುಗಳು ಬರೆದ ಅನುಕ್ರಮದಲ್ಲಿಯೇ ಇನ್ನೊಂದು ಕಂಪ್ಯೂಟರನ್ನು ತಲುಪಲು, ಪುಟ್ಟಪ್ಪ ಕೊನೆಯಲ್ಲಿದ್ದೂ ಸ್ವಂತ ಹೆಸರೆಂದೇ ಗುರುತಿಸಲ್ಪಡಲು ಈ ನಮೂನೆಯಲ್ಲಿ ಅವಕಾಶವಿದೆ.